ಎಂಟು ತೂತಿನ ರಟ್ಟು

ಮಾರ್ಚ್ 24, ಸೋಮವಾರ

ಇದು ನನ್ನ ಅಳತೆ ಪುಸ್ತಕ. ಮುಂದಿನ ಅರ್ಧದಲ್ಲಿ ಗಿರಾಕಿಗಳ ಎದೆ, ಸೊಂಟ, ತೋಳುಗಳಿವೆ. ಹಿಂದಿನ ಅರ್ಧ ಖಾಲಿ. ಬೆಳಿಗ್ಗೆ ಹೆಂಡತಿ ಮಂಚದ ಮೇಲಿಂದಲೇ ಇದನ್ನು ನನ್ನ ಮಡಿಲಿಗೆ ಎಸೆದು, "ರೀ, ಎರಡು ದಿನದಿಂದ ನನ್ನ ತಲೆ ತಿಂತಾ ಇದೀರಿ. ಇನ್ಮೇಲೆ ಇದರ ತಲೆ ತಿನ್ನಿ. ಇದಕ್ಕೆ ಕಾಲುನೋವಿಲ್ಲ" ಅಂದಳು.

ನಾನು ಐದನೇ ಕ್ಲಾಸಿಗೆ ಶಾಲೆ ಬಿಟ್ಟವನು. ನಡುವೆ ಒಮ್ಮೆ ಮತ್ತೆ ಸೇರಿ, ಏಳು ತಿಂಗಳು ಹೋಗಿ, ಮತ್ತೆ ಬಿಟ್ಟೆ. ದೊಡ್ಡ ಒತ್ತಕ್ಷರ ಬಂದರೆ ಈಗಲೂ ಕೈ ನಿಲ್ಲುತ್ತದೆ. ಆದರೆ ಇದನ್ನು ಯಾರೂ ಓದುವುದಿಲ್ಲ. ಹೇಗೆ ಬರೆಯಬೇಕೆಂದು ತಿಳಿಯದು, ಆದದ್ದನ್ನು ಬರೆಯುತ್ತೇನೆ.

ಶನಿವಾರ ನರ್ಸುಗಳ ಕ್ವಾರ್ಟರ್ಸಿಗೆ ಹೋಗುವ ಏರಿನಲ್ಲಿ ವ್ಯಾನು ನಿಂತಿತು. ಸುಮ್ಮನೆ ನಿಲ್ಲಲಿಲ್ಲ. ಒಳಗೆ ಯಾರೋ ಸುತ್ತಿಗೆಯಿಂದ ಬಡಿದ ಹಾಗೆ ನಾಲ್ಕು ಸಲ ಬಡಿದು, ಇದ್ದ ಎಣ್ಣೆಯನ್ನೆಲ್ಲ ರಸ್ತೆಗೆ ಸುರಿದು ನಿಂತಿತು. ಹೆಂಡತಿ ಸ್ಟೀರಿಂಗ್ ಬಿಟ್ಟು ಕೆಳಗೆ ಹಾರಿದಳು. ಎಡಗಾಲು ಎಣ್ಣೆಯ ಮೇಲೆ ಬಿತ್ತು. ಹಿಂದೆ ಮಿಷನ್ನಿನ ಮುಂದೆ ಕೂತಿದ್ದ ನಾನು ಇಳಿದು ಬರುವಷ್ಟರಲ್ಲಿ ವ್ಯಾನೂ ಹೆಂಡತಿಯೂ ಇಬ್ಬರೂ ನೆಲ ಹಿಡಿದಿದ್ದರು. ಪಾದದ ಗಂಟಿನ ಹತ್ತಿರ ಮೂಳೆ ಬಿರುಕು. ಐದು ವಾರ ಪ್ಲಾಸ್ಟರ್.

ಆ ವ್ಯಾನೇ ನಮ್ಮ ಅಂಗಡಿ. ಹತ್ತೊಂಬತ್ತು ವರ್ಷದಿಂದ ಅವಳು ಓಡಿಸುತ್ತಾಳೆ, ನಾನು ಹಿಂದೆ ಹೊಲಿಯುತ್ತೇನೆ. ಸೋಮವಾರ ಗಿರಣಿ ಕ್ವಾರ್ಟರ್ಸು, ಬುಧವಾರ ವೃದ್ಧಾಶ್ರಮ, ಶನಿವಾರ ನರ್ಸುಗಳು. ಗಿರಾಕಿಗಳ ಹತ್ತಿರ ಮಾತು, ಚೌಕಾಸಿ, ಜಗಳ, ಎಲ್ಲ ಅವಳದೇ. ನನ್ನ ಬಾಯಲ್ಲಿ ಸದಾ ಗುಂಡುಸೂಜಿ.

ಕಾಲು ಸರಿಯಾಗಿ ಕೂಡದೆ ಹೋದರೆ? ವ್ಯಾನು ಸರಿಯಾಗದೆ ಹೋದರೆ? ಒಳಗಿರುವ ಹನ್ನೊಂದು ಜನರ ಬಟ್ಟೆಗೆ ಎಣ್ಣೆ ವಾಸನೆ ಹಿಡಿದರೆ? ವ್ಯಾನು ಎಳೆಸಿಕೊಂಡು ಹೋಗಿ ಬಿಟ್ಟಿರುವ ಗ್ಯಾರೇಜಿನಲ್ಲಿ ಒಂದು ಬೆಕ್ಕಿದೆ, ಅದು ಬಟ್ಟೆಯ ಮೇಲೆ ಮರಿ ಹಾಕಿದರೆ?

ಮಾರ್ಚ್ 26, ಬುಧವಾರ

ಗ್ಯಾರೇಜಿನ ಮೇಸ್ತ್ರಿಯನ್ನು ಎಲ್ಲರೂ 'ಆಮೇಲೆ ಮೇಸ್ತ್ರಿ' ಎನ್ನುತ್ತಾರೆ. ಏನು ಕೇಳಿದರೂ "ಆಮೇಲೆ ನೋಡೋಣ" ಎನ್ನುವವರು. ಇವತ್ತು ಹಾಗೆನ್ನಲಿಲ್ಲ. ಆಗಲೇ ನನಗೆ ಭಯವಾಯಿತು.

"ಇದರ ಕಥೆ ಮುಗೀತು ಟೈಲರ್ರೇ. ರಾಡು ಮುರಿದು ಗೋಡೆ ಒಡ್ಕೊಂಡು ಹೊರಗೆ ಬಂದಿದೆ. ನೋಡಿ, ಕೈ ಹೋಗತ್ತೆ." ಎಂಜಿನ್ನಿನ ಪಕ್ಕೆಯಲ್ಲಿ ಕೈ ತೂರಿಸಿ ಬೆರಳು ಆಡಿಸಿ ತೋರಿಸಿದರು.

"ಬೆಸುಗೆ ಹಾಕಕ್ಕಾಗಲ್ವಾ?"

"ಪ್ಯಾಂಟಲ್ಲಿ ಇಷ್ಟು ದೊಡ್ಡ ತೂತಾದ್ರೆ ನೀವು ತೇಪೆ ಹಾಕ್ತೀರಾ?"

"ಹಾಕ್ತೀನಿ."

"ನೀವು ಹಾಕ್ತೀರಿ. ನಾನು ಹಾಕಲ್ಲ."

ಬೇರೆ ಎಂಜಿನ್ನೇ ಬೇಕಂತೆ. ಈ ಎಂಜಿನ್ ಮಾಡುವುದನ್ನು ನಿಲ್ಲಿಸಿ ಹನ್ನೊಂದು ವರ್ಷವಾಯಿತಂತೆ. ಇದರ ಅಣ್ಣತಮ್ಮಂದಿರು ಸಣ್ಣ ಲಾರಿಗಳಲ್ಲಿ, ಬೇರೆ ವ್ಯಾನುಗಳಲ್ಲಿ ಇದ್ದಾರೆ. ಮೇಲಿಂದ ನೋಡಿದರೆ ಎಲ್ಲ ಒಂದೇ ಥರ. ಗೇರ್‌ಬಾಕ್ಸಿಗೆ ತಾಗುವ ಹಿಂದಿನ ಮುಖ ಮಾತ್ರ ಬೇರೆ ಬೇರೆ, ಬೋಲ್ಟಿನ ತೂತು ಅಲ್ಲಲ್ಲಿ ಸರಿದಿರುತ್ತವೆ. ನಮ್ಮ ಗೇರ್‌ಬಾಕ್ಸಿಗೆ ಕೂರುವಂಥದ್ದನ್ನು ಗುಜರಿಯಲ್ಲಿ ಹುಡುಕಬೇಕು.

"ನಾನು ಹುಡುಕ್ತಾ ಹೋದ್ರೆ ಇಲ್ಲಿರೋ ಆರು ಗಾಡಿ ಯಾರು ನೋಡ್ತಾರೆ? ನೀವು ಹುಡುಕಿ. ಕೂರಿಸೋದು ನಂದು."

ನಾನು. ಗುಜರಿಗೆ. ಒಬ್ಬನೇ.

ಸರ್ಕಾರದಿಂದ ಬಂದ ಏಪ್ರಿಲ್ 30ರ ಗಡುವಿನ ಕಾಗದ ಮನೆಯ ಗೋಡೆಯ ಮೊಳೆಯಲ್ಲಿ ನೇತಾಡುತ್ತಿದೆ. ನಮ್ಮದರಷ್ಟು ಹಳೆಯ ಗಾಡಿಗಳು ಆ ದಿನದೊಳಗೆ ತಮ್ಮ ಎಂಜಿನ್ನಿನ ಮೇಲೆ ಓಡಿಕೊಂಡು ತಪಾಸಣೆಗೆ ಬರಬೇಕು. ಬರದಿದ್ದರೆ ನೋಂದಣಿ ರದ್ದು, ಗಾಡಿ ಕತ್ತರಿಗೆ. ಬೇರೆ ಗಾಡಿ ಕೊಳ್ಳುವ ಶಕ್ತಿ ನಮಗಿಲ್ಲ. ಆಮೇಲೆ ನಾನು ಸಿದ್ಧ ಉಡುಪಿನ ಫ್ಯಾಕ್ಟರಿಯಲ್ಲಿ ಇನ್ನೂರು ಮಿಷನ್ನುಗಳ ಸಾಲಿನಲ್ಲಿ ಕೂತು ದಿನವಿಡೀ ಕಾಲರ್ ಮಾತ್ರ ಹೊಲಿಯಬೇಕು. ಅವಳು ಮನೆಯಲ್ಲಿ ಕೂರಬೇಕು. ಅವಳು ಮನೆಯಲ್ಲಿ ಕೂರುವ ಹೆಂಗಸಲ್ಲ. ಪ್ಲಾಸ್ಟರಿನಲ್ಲೇ ಎರಡು ಸಲ ಎದ್ದು ಕಿಟಕಿಗೆ ಹೋಗಿದ್ದಾಳೆ.

ಮಾರ್ಚ್ 27, ಗುರುವಾರ

ಇವತ್ತು ಒಂದು ಕೆಲಸ ಮಾಡಿದೆ. ಪ್ರತಿ ಗುಜರಿಗೂ ಗೇರ್‌ಬಾಕ್ಸ್ ಹೊತ್ತುಕೊಂಡು ಹೋಗಲು ಆಗುವುದಿಲ್ಲ. ಅಳತೆ ಬರೆದುಕೊಂಡು ಹೋದರೆ ನನಗೇ ನಂಬಿಕೆ ಬರುವುದಿಲ್ಲ. ಅಂಗಿಗೆ ಅಚ್ಚು ಕತ್ತರಿಸುವ ಹಾಗೆ ಇದಕ್ಕೂ ಒಂದು ಅಚ್ಚು ಮಾಡಿದರೆ ಹೇಗೆ ಅನ್ನಿಸಿತು.

ಕಾಲರ್ ಅಚ್ಚಿನ ದಪ್ಪ ರಟ್ಟು ತೆಗೆದುಕೊಂಡು ಹೋಗಿ ಗೇರ್‌ಬಾಕ್ಸಿನ ಮುಖಕ್ಕೆ ಒತ್ತಿ ಹಿಡಿದು, ಅಂಗೈಯಿಂದ ಸುತ್ತಲೂ ತಟ್ಟಿದೆ. ಅಲ್ಲಿದ್ದ ಗ್ರೀಸು ರಟ್ಟಿಗೆ ಅಂಟಿ ಎಂಟು ತೂತುಗಳ ಗುರುತು ಬಿತ್ತು. ಒಂದೊಂದನ್ನೂ ಕತ್ತರಿಯ ಮೊನೆಯಿಂದ ದುಂಡಗೆ ತೆಗೆದೆ. ಗ್ರೀಸು ಹಿಡಿದದ್ದು ಉಲ್ಟಾ ಮಗ್ಗುಲು. ಚೊಕ್ಕಟವಾಗಿದ್ದ ಸೀದಾ ಮಗ್ಗುಲಿನಲ್ಲಿ ಒಂದು ಬಾಣ ಎಳೆದು 'ಮೇಲೆ' ಎಂದು ಬರೆದೆ. ಮತ್ತೆ ಗೇರ್‌ಬಾಕ್ಸಿಗೆ ಇಟ್ಟು ನೋಡಿದರೆ ಎಂಟೂ ಬೋಲ್ಟು ಸಲೀಸಾಗಿ ಹೋದವು.

ಮೇಸ್ತ್ರಿ ರಟ್ಟನ್ನು ಬೆಳಕಿಗೆ ಹಿಡಿದು ನೋಡಿ, "ನಲವತ್ತು ವರ್ಷದಲ್ಲಿ ಇಂಥದ್ದು ನೋಡಿರಲಿಲ್ಲ" ಅಂದರು. ಅದು ಹೊಗಳಿಕೆಯೋ ಏನೋ.

ಮಾರ್ಚ್ 29, ಶನಿವಾರ

ಹೆಂಡತಿ ಏನು ಕೇಳಬೇಕೆಂದು ಒಂದು ಚೀಟಿಯಲ್ಲಿ ಬರೆದುಕೊಟ್ಟಳು. ಗುಜರಿಯ ಮುಂದೆ ಹೋಗಿ ನಿಂತೆ. ಒಳಗೆ ಮೂರ್ನಾಲ್ಕು ಜನ ಯಾವುದನ್ನೋ ಹೊಡೆಯುತ್ತಿದ್ದರು. ಒಂದು ನಾಯಿ ನನ್ನನ್ನೇ ನೋಡುತ್ತಿತ್ತು. ಚೀಟಿ ಮೂರು ಸಲ ಓದಿಕೊಂಡೆ. ಅರ್ಧ ಗಂಟೆ ನಿಂತು ವಾಪಸು ಬಂದೆ.

"ಬಾಗಿಲು ಹಾಕಿತ್ತು," ಅಂದೆ.

"ಆ ಗುಜರಿಗೆ ಬಾಗಿಲೇ ಇಲ್ವಲ್ರೀ," ಅಂದಳು.

ಮಾರ್ಚ್ 31, ಸೋಮವಾರ

ಒಳಗೆ ಹೋದೆ. ನಾಯಿ ಏನೂ ಮಾಡಲಿಲ್ಲ. ಚೀಟಿ ನೋಡಿ ಓದುತ್ತಿದ್ದಾಗ ಮಾಲೀಕ, "ಏನು ಯಜಮಾನ್ರೇ, ಭಾಷಣಾನಾ?" ಅಂದ. ಎಲ್ಲರೂ ನಕ್ಕರು. ಕಿವಿ ಬಿಸಿಯಾಯಿತು. ಅವನ ಹತ್ತಿರ ಇದ್ದ ಒಂದೇ ಎಂಜಿನ್ನಿಗೆ ರಟ್ಟು ಇಟ್ಟೆ. ಎಂಟರಲ್ಲಿ ಮೂರು ಮಾತ್ರ ಕೂತವು. ಅಲ್ಲಿಂದ ಬರುವಾಗ ಚೀಟಿ ಎಲ್ಲೋ ಬಿದ್ದುಹೋಗಿದೆ. ಮನೆಗೆ ಬಂದ ಮೇಲೆ ಗೊತ್ತಾಯಿತು. ಅದರಲ್ಲಿ ನಮ್ಮ ಫೋನ್ ನಂಬರು ಇದೆ. ಯಾರಾದರೂ ಫೋನ್ ಮಾಡಿ ಮೋಸ ಮಾಡಿದರೆ?

ಏಪ್ರಿಲ್ 3, ಗುರುವಾರ

ಕಾಲುವೆಯ ಆಚೆ ಒಬ್ಬ ಹೆಂಗಸಿನ ಗುಜರಿಯಿದೆ. ಎಲ್ಲರೂ ಅವಳನ್ನು ಗುಜರಿ ಅಕ್ಕ ಎನ್ನುತ್ತಾರೆ. ತಗಡಿನ ಚಪ್ಪರದ ಕೆಳಗೆ ಒಂದು ಹಳೆಯ ಬಸ್ಸಿನ ಸೀಟೇ ಅವಳ ಆಫೀಸು.

"ಏನು ಬೇಕಣ್ಣ?"

ಚೀಟಿ ಇರಲಿಲ್ಲ. ನೆನಪಿದ್ದಷ್ಟು ಹೇಳಿದೆ. ಅವಳು ನಗಲಿಲ್ಲ. ಎದ್ದು ಹೋಗಿ ಎರಡು ಎಂಜಿನ್ ತೋರಿಸಿದಳು. ಒಂದು ಬಾಗಿಲ ಹತ್ತಿರ, ಇನ್ನೊಂದು ಅದರ ಹಿಂದೆ ಗೋಡೆಗೆ ಒರಗಿ. ಬ್ಯಾಟರಿ ಕೊಟ್ಟು, ಡೀಸೆಲ್ ಡಬ್ಬಿಗೆ ಪೈಪು ಬಿಟ್ಟು, ನೆಲದ ಮೇಲೇ ಎರಡನ್ನೂ ಓಡಿಸಿದಳು. ಎರಡೂ ಚೆನ್ನಾಗಿ ಓಡಿದವು. ಗೋಡೆಯ ಹತ್ತಿರದ್ದು ಇನ್ನೂ ಮೆತ್ತಗೆ ಓಡಿತು.

ರಟ್ಟು ತೆಗೆದೆ. ಗ್ರೀಸಿನ ಮಗ್ಗುಲು ಒಳಗೆ, ಬಾಣ ಮೇಲೆ. ಗೋಡೆಯದಕ್ಕೆ ನಾಲ್ಕು ತೂತು ತಪ್ಪಿದವು. ಬಾಗಿಲ ಹತ್ತಿರದ್ದಕ್ಕೆ ಇಟ್ಟಾಗ ಒಂದು, ಎರಡು, ಮೂರು, ಹೀಗೆ ಆರು ಕೂತವು. ಏಳನೆಯದು ಹೆಬ್ಬೆರಳಿನಷ್ಟು ಆಚೆ. ಎಂಟನೆಯದೂ ಆಚೆ.

"ಎರಡು ತೂತಿಗೆ ಹೀಗೆ ಮುಖ ಸಣ್ಣ ಮಾಡ್ಕೋತಾರಾ ಅಣ್ಣ? ಕೊರೆದ್ರೆ ಆಯ್ತು."

ಮೇಸ್ತ್ರಿಗೆ ಫೋನ್ ಮಾಡಿದೆ. "ಅಲ್ಲಿ ಕೊರೆದ್ರೆ ಗೋಡೆ ಸೀಳತ್ತೆ. ಬೇಡ. ಬೇರೆ ನೋಡಿ" ಅಂದರು. ಅಕ್ಕನಿಗೆ ಬೇಡವೆಂದು ಹೇಳಿದೆ. ಬೇಡ ಎಂದು ಒಬ್ಬರ ಮುಖ ನೋಡಿ ಹಿಂದೆ ಎಂದಾದರೂ ಹೇಳಿದ್ದು ನೆನಪಿಲ್ಲ. ಅವಳಿಗೆ ಬೇಜಾರಾಯಿತೋ ಏನೋ ಎಂದು ದಾರಿಯುದ್ದಕ್ಕೂ ಯೋಚಿಸಿದೆ.

ಏಪ್ರಿಲ್ 4

ಆರು ಕೂತವು. ಎರಡು ಕೂರಲಿಲ್ಲ. ಬೇರೇನೂ ಬರೆಯುವುದಕ್ಕಿಲ್ಲ.

ಏಪ್ರಿಲ್ 8, ಮಂಗಳವಾರ

ಎರಡು ಗಂಟೆ ಬಸ್ಸಿನಲ್ಲಿ ಹೋಗಿ ಪಕ್ಕದ ಊರಿನ ಮೂರು ಗುಜರಿ ನೋಡಿದೆ. ರಟ್ಟನ್ನು ಶಾಲು ಹೊದಿಸಿದ ಹಾಗೆ ಪ್ಲಾಸ್ಟಿಕ್ಕಿನಲ್ಲಿ ಸುತ್ತಿಕೊಂಡಿದ್ದೆ, ಬಸ್ಸಿನವರೆಲ್ಲ ಅದು ಫೋಟೋ ಅಂದುಕೊಂಡರು.

ಮೊದಲನೆಯದರಲ್ಲಿ ಐದು ತೂತು ತಪ್ಪಿದವು. ಎರಡನೆಯವನು ಒಂದು ಎಂಜಿನ್ ತೋರಿಸಿ ಹೊಸದರ ಹಾಗಿದೆ ಎಂದ. ಎಣ್ಣೆಯ ಮುಚ್ಚಳ ಬಿಚ್ಚಿ ನೋಡಿದೆ, ಒಳಗೆ ಬೆಳ್ಳಗೆ ನೊರೆ. ಮೇಸ್ತ್ರಿ ಹೇಳಿದ್ದರು, ನೊರೆ ಇದ್ದರೆ ಎಣ್ಣೆಗೆ ನೀರು ಸೇರಿದೆ ಅಂತ. "ಇದು ನೀರು ಕುಡಿದಿದೆಯಲ್ಲ" ಅಂದೆ. ಅವನು ಮುಚ್ಚಳ ತಿರುಗಿಸಿ ಹಾಕಿ, "ನೀವು ಯಾವ ಗ್ಯಾರೇಜಿನವರು?" ಎಂದು ಕೇಳಿದ. ಮೂರನೆಯ ಗುಜರಿಯಲ್ಲಿ ಎಂಜಿನ್ನೇ ಇರಲಿಲ್ಲ, ಟೀ ಕೊಟ್ಟರು.

ಸಾಯಂಕಾಲ ಹೆಂಡತಿಯೇ ಫೋನ್ ಮಾಡಿ, "ಬದುಕಿದೀರಾ? ಬೆಳಿಗ್ಗೆಯಿಂದ ಒಂದು ಫೋನಿಲ್ಲ" ಎಂದಳು. ಮರೆತೇ ಹೋಗಿತ್ತು.

ಏಪ್ರಿಲ್ 11, ಶುಕ್ರವಾರ

ಕೈಗೆ ಕೆಲಸವಿಲ್ಲದೆ ಕೂರಲಾಗದೆ, ಪಕ್ಕದ ಮನೆಯವರ ಕೋಟಿನ ಬಟ್ಟೆ ಹಿಡಿದೆ. ಮಧ್ಯಾಹ್ನ ತೋಳು ಕತ್ತರಿಸಿ ಮೇಜಿನ ಮೇಲೆ ಇಟ್ಟಿದ್ದೆ. ಹೆಂಡತಿ ಮಂಚದಿಂದ ನೋಡಿ, "ಇದೇನ್ರೀ, ಆ ಮನುಷ್ಯನಿಗೆ ಎರಡೂ ಎಡಗೈಯಾ?" ಅಂದಳು.

ನೋಡಿದೆ. ಎರಡೂ ಎಡದ ತೋಳು. ಒಂದು ತೋಳು ಕತ್ತರಿಸಿದ ಮೇಲೆ ಅಚ್ಚನ್ನು ಮಗುಚಿ ಇನ್ನೊಂದನ್ನು ಕತ್ತರಿಸಬೇಕು. ಮಗುಚಿರಲಿಲ್ಲ. ಕೆಲಸ ಕಲಿಯಲು ಸೇರಿದ ಮೊದಲ ತಿಂಗಳಲ್ಲಿ ಈ ತಪ್ಪು ಮಾಡಿ ಬೈಸಿಕೊಂಡದ್ದು, ಆಮೇಲೆ ಇವತ್ತೇ.

ತಪ್ಪಿದ ತೋಳನ್ನು ಕೈಯಲ್ಲಿ ಹಿಡಿದು ಸುಮಾರು ಹೊತ್ತು ಕೂತೆ. ಎಡದ ತೋಳು, ಬಲದ ತೋಳು. ಒಂದರ ಎದುರು ಒಂದು. ಎದುರು ನಿಂತವರಿಗೆ ನನ್ನ ಬಲಗೈ ಅವರ ಎಡಕ್ಕೆ. ಗೇರ್‌ಬಾಕ್ಸೂ ಎಂಜಿನ್ನೂ ಎದುರುಬದುರು ಮುಖ ಮಾಡಿ ಕೂರುತ್ತವೆ.

ರಟ್ಟು ತಂದು ಮೇಜಿನ ಮೇಲೆ ಇಟ್ಟೆ. ನಾನು ಗೇರ್‌ಬಾಕ್ಸಿಗೆ ಒತ್ತಿದ ಗ್ರೀಸಿನ ಮಗ್ಗುಲನ್ನೇ ಎಂಜಿನ್ನಿಗೂ ಒತ್ತುತ್ತಿದ್ದೆ. ಯಾಕೆಂದರೆ ಗುರುತು ಹಾಕಿದ ಮಗ್ಗುಲು ಯಾವಾಗಲೂ ಒಳಕ್ಕೆ ಹೋಗಬೇಕು, ಚೊಕ್ಕಟ ಮಗ್ಗುಲು ಹೊರಗೆ ಕಾಣಬೇಕು. ಬಟ್ಟೆಗೆ ಅದು ಸರಿ. ಇಲ್ಲಿ ಮಗುಚಬೇಕಿತ್ತು. ಕೊಳಕು ಮಗ್ಗುಲು ನನ್ನ ಕಡೆ ಇರಬೇಕಿತ್ತು. ಮಗುಚಿ ನೋಡಿದೆ. ತಪ್ಪಿದ್ದ ಎರಡು ತೂತು ಹೆಬ್ಬೆರಳಿನಷ್ಟು ಈಚೆ ಬಂದು ಕೂತವು. ಗುಜರಿ ಅಕ್ಕನ ಬಾಗಿಲ ಹತ್ತಿರದ ಎಂಜಿನ್ನಿನಲ್ಲಿ ಅವು ಎಲ್ಲಿದ್ದವೋ ಅಲ್ಲಿಗೇ.

ಹೆಂಡತಿಗೆ ಹೇಳಿದೆ. ಅವಳು ತಲೆದಿಂಬನ್ನು ಮುಖಕ್ಕೆ ಒತ್ತಿಕೊಂಡು ನಕ್ಕಳು. ಆಮೇಲೆ, "ಹೋಗ್ರೀ, ನಾಳೆ ಬೆಳಿಗ್ಗೆ ಮೊದಲ ಕೆಲಸ ಅದು" ಎಂದಳು.

ಏಪ್ರಿಲ್ 12, ಶನಿವಾರ

ಬಾಗಿಲ ಹತ್ತಿರ ಖಾಲಿ. ನೆಲದ ಮೇಲೆ ಎಣ್ಣೆಯ ಚೌಕ ಮಾತ್ರ ಉಳಿದಿತ್ತು.

"ನೀವೇ ಬೇಡ ಅಂದ್ರಲ್ಲಣ್ಣ. ಅದರ ಮೇಲೆ ನಿಮ್ಮ ಹೆಸರು ಬರೆದಿಟ್ಟಿರ್ಲಿಲ್ಲ ನಾನು. ಗುರುವಾರ ಐಸ್ ಫ್ಯಾಕ್ಟರಿಯವರು ತಗೊಂಡು ಹೋದ್ರು."

ಬಸ್ಸಿನ ಸೀಟಿನ ಮೇಲೆ ಕೂತೆ. ಅಕ್ಕ ನೀರು ಕೊಟ್ಟಳು. ಕುಡಿಯುತ್ತಿದ್ದಾಗ ಗೋಡೆಯ ಹತ್ತಿರದ ಎಂಜಿನ್ ಕಾಣಿಸಿತು. ರಟ್ಟು ಮಗುಚಿ ಅದಕ್ಕೂ ಇಟ್ಟು ನೋಡಿದೆ, ಕೂರಲಿಲ್ಲ.

"ಅಕ್ಕ, ಅವರು ಅದನ್ನ ಯಾವುದಕ್ಕೆ ಹಾಕ್ತಾರೆ?"

"ಐಸ್ ಪುಡಿ ಮಾಡೋ ಮಿಷನ್ನಿಗೆ. ಕರೆಂಟ್ ಹೋದಾಗ ಬೆಲ್ಟ್ ಹಾಕಿ ತಿರುಗಿಸ್ತಾರೆ."

"ಗೇರ್‌ಬಾಕ್ಸ್ ಇಲ್ವಾ?"

"ಐಸಿಗೆ ಯಾಕಣ್ಣ ಗೇರು?"

ಹಾಗಾದರೆ ಹಿಂದಿನ ಮುಖದ ತೂತು ಅವರಿಗೆ ಯಾವ ಲೆಕ್ಕಕ್ಕೂ ಇಲ್ಲ. ಗೋಡೆಯದು ಇದಕ್ಕಿಂತ ಮೆತ್ತಗೆ ಓಡುತ್ತದೆ. ಮತ್ತೆ ಇದನ್ನೇ ಯಾಕೆ ತೆಗೆದುಕೊಂಡರು ಎಂದು ಕೇಳಿದೆ. "ಬಾಗಿಲ ಹತ್ರ ಇತ್ತಲ್ಲ, ಎತ್ತೋಕೆ ಸುಲಭ ಅಂತ" ಎಂದಳು.

ಗೋಡೆಯದನ್ನು ಅವರಿಗೆ ಕೊಟ್ಟು ಬಾಗಿಲ ಹತ್ತಿರದ್ದನ್ನು ನಾನು ತೆಗೆದುಕೊಳ್ಳುವ ಅದಲುಬದಲಿಗೆ ಅವಳ ತಕರಾರಿಲ್ಲ. ಬೆಲೆ ನಾನು ಕೊಟ್ಟರಾಯಿತು. "ಆದ್ರೆ ಆ ಐಸಿನವರನ್ನ ಒಪ್ಪಿಸೋದು ನಿಮ್ಮ ತಲೆನೋವು. ಒಂದು ಎಂಜಿನ್ ತಗೊಳ್ಳೋಕೆ ಐದು ಸಲ ಬಂದು ಹೋದ್ರು ಪುಣ್ಯಾತ್ಮ."

ಏಪ್ರಿಲ್ 14, ಸೋಮವಾರ

ಐಸ್ ಫ್ಯಾಕ್ಟರಿಯ ಯಜಮಾನರು ತೆಳ್ಳಗಿನ ಮನುಷ್ಯ. ಸ್ವೆಟರಿನ ಮೇಲೆ ಸ್ವೆಟರು. ನನ್ನನ್ನು ಒಳಗೆ ಕರೆದು ಬಾಗಿಲ ಚಿಲಕ ಹಾಕಿ, ಮತ್ತೆ ಹೋಗಿ ಎಳೆದು ನೋಡಿದರು. ನಮ್ಮ ಎಂಜಿನ್ ಮೂಲೆಯಲ್ಲಿ ಗೋಣಿ ಹೊದ್ದು ಕೂತಿತ್ತು, ಇನ್ನೂ ಜೋಡಿಸಿರಲಿಲ್ಲ. ಜೀವ ಬಂತು. ವಿಷಯ ಹೇಳಿದೆ.

"ಇಲ್ಲ ಸ್ವಾಮಿ, ಆಗಲ್ಲ. ಇದು ಬಂದಾಯ್ತು. ಬಂದದ್ದನ್ನ ಕಳಿಸಿ, ಇನ್ನೊಂದು ತಂದು, ಅದು ಕೆಟ್ರೆ? ಕರೆಂಟ್ ಹೋಗತ್ತೆ, ಮೀನಿನವರು ಸಾಲು ನಿಂತಿರ್ತಾರೆ, ಎಂಜಿನ್ ನಿಲ್ಲತ್ತೆ. ಆಗ ನಾನೇನು ಹಲ್ಲಲ್ಲಿ ಕಡಿದು ಕೊಡ್ಲಾ ಐಸು?"

"ಇದು ನಿಂತ್ರೆ?" ಎಂದು ಕೇಳಿದೆ.

ಅವರು ಗೋಣಿಯ ಕಡೆ ನೋಡಿದರು. ಆ ಪ್ರಶ್ನೆಯನ್ನು ಅವರು ಈಗಾಗಲೇ ಸಾಕಷ್ಟು ಸಲ ಕೇಳಿಕೊಂಡಿದ್ದಾರೆ ಎಂದು ಮುಖ ನೋಡಿದರೇ ತಿಳಿಯಿತು.

"ಯಜಮಾನ್ರೇ, ನನ್ನ ಮಾತು ನಂಬಬೇಡಿ. ನಾಳೆ ನನ್ನ ಜೊತೆ ಬನ್ನಿ. ನೀವೇ ಕೇಳಿ, ನೀವೇ ಮುಟ್ಟಿ ನೋಡಿ. ಒಪ್ಪಿಗೆ ಆಗದಿದ್ರೆ ನಾನು ಇನ್ನೊಂದು ಸಲ ಈ ಬಾಗಿಲಿಗೆ ಬರಲ್ಲ."

"ನಾಳೆ ಬರ್ತೀನಿ ಅಂದ್ರೆ ಒಪ್ಪಿದೆ ಅಂತಲ್ಲ."

"ಅಲ್ಲ."

ಮನೆಗೆ ಬಂದಾಗ ಹೆಂಡತಿ, "ನಾನು ಫೋನಲ್ಲಿ ಮಾತಾಡ್ಲಾ ಅವರ ಹತ್ರ?" ಎಂದು ಕೇಳಿದಳು. ಬೇಡ, ಹೊಸ ದನಿ ಕೇಳಿದರೆ ಅವರು ಇನ್ನೂ ಗಾಬರಿಯಾಗುತ್ತಾರೆ ಎಂದೆ.

ಏಪ್ರಿಲ್ 15, ಮಂಗಳವಾರ

ಬಂದರು. ಒಂದು ಗಂಟೆ ಮುಂಚೆಯೇ ಬಂದು ರಸ್ತೆಯ ಆಚೆ ನಿಂತಿದ್ದರು. ಒಳಗೆ ಬರಲು ಅವರಿಗೆ ಆಗುತ್ತಿರಲಿಲ್ಲ, ನಾನೇ ಹೋಗಿ ಕರೆದುಕೊಂಡು ಬಂದೆ.

ಅಕ್ಕ ಎಂಜಿನ್ ಓಡಿಸಿದಳು. ಅವರು ಪ್ರಶ್ನೆ ಶುರು ಮಾಡಿದರು. ನೀರು ಸೇರಿದ್ದರೆ? ಮುಚ್ಚಳ ಬಿಚ್ಚಿ ತೋರಿಸಿದೆ, ನೊರೆಯಿಲ್ಲ. ಹೊಗೆ ಬಂದರೆ? ಹೊಗೆಯ ಪೈಪಿಗೆ ನನ್ನ ಬಿಳಿ ಕರವಸ್ತ್ರ ಹಿಡಿದು ತೋರಿಸಿದೆ, ಮಸಿ ಇಷ್ಟೇ. ಬಿಸಿಯಾಗಿ ನಿಂತರೆ? ಮುಕ್ಕಾಲು ಗಂಟೆ ಓಡಲಿ, ಆಮೇಲೆ ಕೈಯಿಟ್ಟು ನೋಡಿ ಎಂದೆ. ಮುಕ್ಕಾಲು ಗಂಟೆ ಮೂವರೂ ಬಸ್ಸಿನ ಸೀಟಿನ ಮೇಲೆ ಸಾಲಾಗಿ ಕೂತೆವು, ಎದುರಿಗೆ ಎಂಜಿನ್ ಓಡುತ್ತಿತ್ತು. "ಬಸ್ಸು ಎಲ್ಲಿಗೆ ಹೋಗ್ತಿದೆಯೋ," ಎಂದಳು ಅಕ್ಕ. ಐಸಿನವರು ಮೊದಲ ಸಲ ನಕ್ಕರು.

ನಿಲ್ಲಿಸಿದ ಮೇಲೆ ಮತ್ತೆ ಶುರುವಾಗದಿದ್ದರೆ ಎಂದರು. ಮೂರು ಸಲ ನಿಲ್ಲಿಸಿ ಮೂರು ಸಲ ಶುರು ಮಾಡಿಸಿದೆ. ಅಕ್ಕ ಹುಬ್ಬು ಹಾರಿಸಿ, "ಅಣ್ಣ, ನಿಮಗೆ ಇಷ್ಟು ತಾಳ್ಮೆ ಎಲ್ಲಿಂದ ಬಂತು?" ಎಂದು ಕೇಳಿದಳು. ಇದರಲ್ಲಿ ತಾಳ್ಮೆ ಏನು ಬಂತು, ಅವರು ಕೇಳುತ್ತಿದ್ದದ್ದು ಎಲ್ಲ ಕೇಳಲೇಬೇಕಾದ ಪ್ರಶ್ನೆಗಳು. ನಾನೂ ಎಲ್ಲವನ್ನೂ ಯೋಚಿಸಿಯೇ ಇದ್ದೆ.

ಕೊನೆಗೆ ಅವರು, "ಏನಾದ್ರೂ ಆದ್ರೆ ನಿಮಗೆ ಫೋನ್ ಮಾಡಬಹುದಾ?" ಎಂದರು. ಮಾಡಿ ಎಂದು ನಂಬರು ಕೊಟ್ಟೆ. ಒಪ್ಪಿದರು.

ಏಪ್ರಿಲ್ 19, ಶನಿವಾರ

ಎಂಜಿನ್ ಗ್ಯಾರೇಜಿಗೆ ಬಂತು. ಹೆಂಡತಿ ಕೇಳಲಿಲ್ಲ, ಬಂದೇ ಬಂದಳು. ಒಂದು ಟಯರಿನ ಮೇಲೆ ಕೂತು, ಪ್ಲಾಸ್ಟರಿನ ಕಾಲನ್ನು ಇನ್ನೊಂದು ಟಯರಿನ ಮೇಲಿಟ್ಟು, ಎಲ್ಲರಿಗೂ ಅಪ್ಪಣೆ ಕೊಡುತ್ತಿದ್ದಳು. "ಅತ್ತಿಗೇ, ನೀವು ಬಾಯಿ ಮುಚ್ಚಿದ್ರೆ ಎಂಜಿನ್ ಬೇಗ ಕೂರತ್ತೆ" ಎಂದರು ಮೇಸ್ತ್ರಿ. "ಈ ಬಾಯಿ ಇಲ್ದಿದ್ರೆ ನೀವು ಆಮೇಲೆ ಆಮೇಲೆ ಅಂತ ಮುಂದಿನ ವರ್ಷಕ್ಕೆ ಕೂರಿಸ್ತೀರಿ."

ಸರಪಳಿಯಲ್ಲಿ ಎತ್ತಿ, ಅಂಗುಲ ಅಂಗುಲವಾಗಿ ಸರಿಸಿ, ಗೇರ್‌ಬಾಕ್ಸಿಗೆ ಸೇರಿಸಿದರು. ಬೋಲ್ಟು ಹಾಕಲು ನನಗೇ ಹೇಳಿದರು. ಎಂಟೂ ಕೈಯಲ್ಲೇ ತಿರುಗಿಕೊಂಡು ಹೋದವು.

ಏಪ್ರಿಲ್ 22, ಮಂಗಳವಾರ

ಕೂತದ್ದೇನೋ ಕೂತಿತು, ಕೆಳಗಿನ ಎಣ್ಣೆಯ ತೊಟ್ಟಿ ವ್ಯಾನಿನ ಅಡ್ಡಪಟ್ಟಿಗೆ ಬಡಿಯುತ್ತಿದೆ. ಮೇಸ್ತ್ರಿ ತಲೆಯ ಮೇಲೆ ಕೈ ಹೊತ್ತು ಕೂತರು. ಪಟ್ಟಿ ಕತ್ತರಿಸಿದರೆ ತಪಾಸಣೆಯವರು ಒಪ್ಪುವುದಿಲ್ಲ. ಇನ್ನು ಎಂಟು ದಿನ. ಹಳೆಯ ಎಂಜಿನ್ನಿನ ತೊಟ್ಟಿ ಏನಾಯಿತು ಎಂದು ಕೇಳಿದೆ. ಅದು ಮೂಲೆಯಲ್ಲಿತ್ತು, ಬೆಕ್ಕು ಅದರಲ್ಲಿ ಮಲಗಿತ್ತು. ಗೋಡೆ ಒಡೆದದ್ದು ಮೇಲೆ, ತೊಟ್ಟಿಗೆ ಏನೂ ಆಗಿರಲಿಲ್ಲ. ಬೆಕ್ಕನ್ನು ಎಬ್ಬಿಸಿ, ತೊಳೆದು, ಅದನ್ನೇ ಹಾಕಿದರು. ಸರಿಯಾಯಿತು. ಬೆಕ್ಕಿಗೆ ಒಂದು ರಟ್ಟಿನ ಪೆಟ್ಟಿಗೆ ಕೊಟ್ಟೆ.

ಏಪ್ರಿಲ್ 25, ಶುಕ್ರವಾರ

ಬೆಳಿಗ್ಗೆ ಶುರುವಾಯಿತು. ಎರಡನೇ ಸಲಕ್ಕೇ. ಬರೆಯಲು ಹೊತ್ತಿಲ್ಲ, ವ್ಯಾನಿನಲ್ಲಿದ್ದ ಹನ್ನೊಂದು ಜನರ ಬಟ್ಟೆ ಒಗೆಯಬೇಕು, ಎಣ್ಣೆ ವಾಸನೆ ಹಿಡಿದಿದೆ.

ಮಧ್ಯಾಹ್ನ ಎಂಜಿನ್ ಬದಲಾವಣೆಯ ಅರ್ಜಿ ತುಂಬಿದೆ. ಗುಜರಿ ಅಕ್ಕನ ರಸೀದಿಯಲ್ಲಿರುವ ನಂಬರನ್ನೂ ಎಂಜಿನ್ನಿನ ಮೇಲಿನ ನಂಬರನ್ನೂ ಮೂರು ಸಲ ಹೋಲಿಸಿ ಬರೆದೆ. 'ಬದಲಾವಣೆಗೆ ಕಾರಣ' ಎಂಬಲ್ಲಿ ಏನು ಬರೆಯುವುದೋ ಗೊತ್ತಾಗದೆ, 'ಹಳೆಯದರ ಗೋಡೆ ಒಡೆದಿದೆ, ಕೈ ಹೋಗುತ್ತದೆ' ಎಂದು ಬರೆದೆ. ಗುಮಾಸ್ತರು ಓದಿ, ಪಕ್ಕದವರಿಗೂ ಓದಿ ಹೇಳಿ, ಸೀಲು ಹೊಡೆದರು.

ಏಪ್ರಿಲ್ 28, ಸೋಮವಾರ

ಪ್ಲಾಸ್ಟರ್ ಬಿಚ್ಚಿದ್ದಾರೆ, ಆದರೆ ಕ್ಲಚ್ ತುಳಿಯಲು ಇನ್ನೊಂದು ವಾರ ಬೇಕು. ಮೇಸ್ತ್ರಿಯೇ ಓಡಿಸಿದರು. ತಪಾಸಣೆಯ ಸಾಲಿನಲ್ಲಿ ನಮ್ಮ ಮುಂದೆ ಒಂಬತ್ತು ಗಾಡಿ. ಒಂದು ಹಳೆಯ ಕಾರನ್ನು ತಳ್ಳಿಕೊಂಡು ಬಂದಿದ್ದರು, ಅದನ್ನು ಬಾಗಿಲಲ್ಲೇ ವಾಪಸು ಕಳಿಸಿದರು. ಅದರ ಯಜಮಾನ ಬಾನೆಟ್ಟಿನ ಮೇಲೆ ಕೈಯಿಟ್ಟು ನಿಂತೇ ಇದ್ದ.

ಇನ್ಸ್‌ಪೆಕ್ಟರು ಬ್ರೇಕು, ದೀಪ, ಹೊಗೆ ಎಲ್ಲ ನೋಡಿದರು. ಟಾರ್ಚು ಹಿಡಿದು ಎಂಜಿನ್ ನಂಬರು ಹುಡುಕಿದರು, ಸಿಗಲಿಲ್ಲ. ನಾನು ಬಗ್ಗಿ, ಎಡಗಡೆ ಪೈಪಿನ ಹಿಂದೆ ಬಟ್ಟೆಯಿಂದ ಒರೆಸಿ ತೋರಿಸಿದೆ.

"ಮೆಕ್ಯಾನಿಕ್ಕಾ ನೀವು?"

"ಅಲ್ಲ ಸಾರ್, ಟೈಲರು."

ಅವರು ಬಗ್ಗಿದಾಗ ಪ್ಯಾಂಟಿನ ಬಲಗಾಲಿನ ಮಡಿಕೆ ಬಿಚ್ಚಿಕೊಂಡದ್ದು ಕಂಡಿತು. ಸೂಜಿದಾರ ಜೇಬಿನಲ್ಲೇ ಇತ್ತು. ಸಹಿ ಆಗುವ ಮೊದಲು ಹೇಳಿದರೆ ಲಂಚವೆಂದು ತಿಳಿದಾರೆಂದು ಸುಮ್ಮನಿದ್ದೆ. ಸಹಿ ಹಾಕಿ, ಸೀಲು ಒತ್ತಿ, ಕಾಗದ ನನ್ನ ಕೈಗೆ ಕೊಟ್ಟರು. ಇನ್ನು ಮೂರು ವರ್ಷ. ಆಮೇಲೆ ಮಡಿಕೆಯ ವಿಷಯ ಹೇಳಿದೆ. ಅವರು ಕುರ್ಚಿಯ ಮೇಲೆ ಕಾಲಿಟ್ಟು, ನಾನು ನಾಲ್ಕು ಹೊಲಿಗೆ ಹಾಕುವವರೆಗೂ ಮುಂದಿನ ಗಾಡಿಯನ್ನು ಅಲ್ಲಿಂದಲೇ ಬೈಯುತ್ತಿದ್ದರು.

ಮನೆಗೆ ಬಂದು ಕಾಗದ ಕೊಟ್ಟೆ. ಹೆಂಡತಿ ಅದನ್ನು ಓದಿ, ಮಡಚಿ, ಮತ್ತೆ ಬಿಡಿಸಿ ಓದಿದಳು. ಆಮೇಲೆ ಎದ್ದು ಗೋಡೆ ಹಿಡಿದುಕೊಂಡು ಬಾಗಿಲವರೆಗೆ ನಡೆದು, ಹೊರಗೆ ನಿಂತ ವ್ಯಾನನ್ನು ನೋಡುತ್ತಾ ನಿಂತಳು.

ಮೇ 10, ಶನಿವಾರ

ಹನ್ನೆರಡು ದಿನದಿಂದ ಬರೆದಿಲ್ಲ. ಹೊತ್ತೇ ಸಿಗಲಿಲ್ಲ. ಇವತ್ತು ನರ್ಸುಗಳ ಕ್ವಾರ್ಟರ್ಸಿನಲ್ಲಿ ಇಪ್ಪತ್ತಾರು ಜನ, ವ್ಯಾನು ಬಾರದ ಶನಿವಾರಗಳ ಬಟ್ಟೆಯನ್ನೆಲ್ಲ ಹಾಗೇ ಎತ್ತಿಟ್ಟಿದ್ದರು. ಬೇರೆ ಕಡೆ ಕೊಡಬಹುದಿತ್ತಲ್ಲ ಎಂದರೆ, ಒಬ್ಬ ಹಿರಿಯ ನರ್ಸಮ್ಮ, "ಬೇರೆಯವರ ಹೊಲಿಗೆ ನಮಗೆ ಚುಚ್ಚತ್ತೆ" ಎಂದರು. ಹೆಂಡತಿ ಏರನ್ನು ಎರಡನೇ ಗೇರಿನಲ್ಲೇ ಹತ್ತಿಸಿದಳು.

ಮಧ್ಯಾಹ್ನ ಐಸ್ ಫ್ಯಾಕ್ಟರಿಯವರ ಫೋನ್ ಬಂತು. ಕರೆಂಟ್ ಹೋಗಿದೆಯಂತೆ, ಎಂಜಿನ್ ಓಡುತ್ತಿದೆಯಂತೆ, ಆದರೆ ಸದ್ದು ನಿನ್ನೆಯ ಹಾಗಿಲ್ಲವೇನೋ ಎಂದು ಅನುಮಾನ. ಫೋನನ್ನು ಎಂಜಿನ್ನಿನ ಹತ್ತಿರ ಹಿಡಿಯಿರಿ ಎಂದೆ. ಬಾಯಲ್ಲಿದ್ದ ಗುಂಡುಸೂಜಿ ತೆಗೆದಿಟ್ಟು ಕಣ್ಣು ಮುಚ್ಚಿ ಕೇಳಿದೆ. ಹದವಾಗಿ ಓಡುತ್ತಿತ್ತು, ಐಸ್ ಪುಡಿಯಾಗುವ ಸದ್ದೂ ಕೇಳುತ್ತಿತ್ತು.

"ಏನೂ ಆಗಿಲ್ಲ ಯಜಮಾನ್ರೇ. ಚೆನ್ನಾಗಿದೆ. ಊಟ ಆಯ್ತಾ?"

"ಇಲ್ಲ, ಇದನ್ನ ಬಿಟ್ಟು ಹೇಗೆ ಹೋಗ್ಲಿ?"

"ಹೋಗಿ ಊಟ ಮಾಡಿ. ಅದರ ಪಾಡಿಗೆ ಅದು ಓಡತ್ತೆ."

ಫೋನ್ ಇಟ್ಟ ಮೇಲೆ ಹೆಂಡತಿ ಯಾರು ಎಂದು ಕೇಳಿದಳು. ಐಸಿನವರು, ಪಾಪ ಒಳ್ಳೆಯ ಮನುಷ್ಯ, ಆದರೆ ಕೆಲವರು ಹಾಗೇ ನೋಡು, ಇಲ್ಲದ್ದನ್ನೆಲ್ಲ ಯೋಚಿಸಿ ಸುಮ್ಮಸುಮ್ಮನೆ ಜೀವ ಹಣ್ಣು ಮಾಡಿಕೊಳ್ಳುತ್ತಾರೆ ಎಂದೆ. ಅವಳು ಸ್ಟೀರಿಂಗಿನ ಮೇಲೆ ತಲೆಯಿಟ್ಟು ನಗಲು ಶುರು ಮಾಡಿದಳು. ಹಾರ್ನು ಒತ್ತಿಹೋಗಿ ಕ್ವಾರ್ಟರ್ಸಿನವರೆಲ್ಲ ಹೊರಗೆ ಬಂದರು. ಇದರಲ್ಲಿ ನಗುವುದು ಏನಿದೆಯೋ ತಿಳಿಯಲಿಲ್ಲ. ಗಿರಾಕಿಗಳು ನಿಂತಿದ್ದರು, ಮುಂದಿನವರ ತೋಳಿನ ಅಳತೆ ತೆಗೆದುಕೊಂಡೆ.